ಬೆನ್ನಿಲ್ಲದ ಚಿತ್ರಕ್ಕೆ ಬೆನ್ನು: ಕಾಸ್‌ಪ್ಲೇ ಕಲೆ ಹೌದೋ ಅಲ್ಲವೋ

(ಕಾಸರಗೋಡಿನಲ್ಲಿ ವೇಷಗಾರಿಕೆಯ ಆಸಕ್ತರ ಎದುರು ಆಡಿದ ಮಾತಿನ ಬರಹ ರೂಪ)

ಕಾಸ್‌ಪ್ಲೇ ಎಂದರೆ ಕಾಮಿಕ್, ಸಿನಿಮಾ, ಆಟಗಳ ಪಾತ್ರದ ಉಡುಪು ಕಟ್ಟಿ ತೊಟ್ಟು ಆ ಪಾತ್ರವಾಗಿ ನಿಲ್ಲುವುದು. ಅದು ಕಲೆಯೋ ಅಲ್ಲವೋ ಎಂದು ಬೆಂಗಳೂರಿನಲ್ಲಿ ಕೇಳುವುದು ಬೇರೆ, ಕಾಸರಗೋಡಿನಲ್ಲಿ ಕೇಳುವುದು ಬೇರೆ. ಇದು ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ನಾಡು. ಸಣ್ಣವರಿರುವಾಗ ಆಟದವರು ವೇಷ ಕಟ್ಟುವ ಚೌಕಿಯೊಳಗೆ ಇಣುಕಿ ಬೈಸಿಕೊಂಡವರೇ ಇಲ್ಲಿ ಹೆಚ್ಚು ಮಂದಿ ಕೂತಿದ್ದೀರಿ. ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಮೂರು ನಾಲ್ಕು ಗಂಟೆ ಕನ್ನಡಿ ಎದುರು ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು ಎದ್ದು ಬರುವುದನ್ನು ಕಂಡ ಕಣ್ಣಿಗೆ, ಮಾಲ್‌ನಲ್ಲಿ ಫೋಮಿನ ಕತ್ತಿ ಹಿಡಿದು ನಿಂತ ಹುಡುಗನನ್ನು ತೋರಿಸಿ ‘ಇದೂ ಕಲೆ’ ಎಂದರೆ ನಗು ಬರುವುದು ಸಹಜ. ಆ ನಗುವಿಗೆ ಕಾರಣ ಉಂಟು. ಅದಕ್ಕೆ ಸರಿಯಾದ ಉತ್ತರವನ್ನೇ ಕೊಡಬೇಕು.

ಆಕ್ಷೇಪಗಳು ಎರಡು. ಇದು ನಕಲು ಎನ್ನುವುದು ಒಂದು: ಯಾರೋ ಬರೆದ ಪಾತ್ರ, ಯಾರೋ ಬಿಡಿಸಿದ ಅಂಗಿ, ಇದ್ದ ಹಾಗೆ ಹೊಲಿದು ಹಾಕಿಕೊಂಡರೆ ತನ್ನದು ಅಂತ ಏನು ಬಂತು? ಇದಕ್ಕೆ ಕಟ್ಟಿಲ್ಲ, ಕ್ರಮವಿಲ್ಲ ಎನ್ನುವುದು ಇನ್ನೊಂದು.

ಕ್ರಮದ ಮಾತನ್ನು ಮೊದಲು ಮುಗಿಸೋಣ. 1939ರಲ್ಲಿ ನ್ಯೂಯಾರ್ಕಿನ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಇಬ್ಬರೂ ಭವಿಷ್ಯ ಕಾಲದ ಉಡುಪು ತೊಟ್ಟು ಬಂದರು. ಹೆಸರು ಹೆಚ್ಚಾಗಿ ಉಳಿದದ್ದು ಆಕರ್‌ಮನ್‌ರದು. ಎರಡೂ ಉಡುಪನ್ನು ಹೊಲಿದವರು ಡಗ್ಲಸ್. ವೇಷ ಹಾಕಿದವನಿಗೆ ಚಪ್ಪಾಳೆ, ಕಟ್ಟಿಕೊಟ್ಟವರಿಗೆ ಚೌಕಿಯ ಮೂಲೆ ಎನ್ನುವುದು ಅಲ್ಲಿಯೂ ಹಾಗೆಯೇ ನೋಡಿ. ಕಾಸ್‌ಪ್ಲೇ ಎಂಬ ಹೆಸರನ್ನು ಜಪಾನಿನ ನೊಬುಯುಕಿ ತಾಕಾಹಾಶಿ 1983ರಲ್ಲಿ ಒಂದು ಪತ್ರಿಕೆಯಲ್ಲಿ ಬಳಸಿದರು. ನಗೋಯಾ ನಗರದ ವಿಶ್ವ ಕಾಸ್‌ಪ್ಲೇ ಸಮಾವೇಶ 2003ರಿಂದ ನಡೆಯುತ್ತಿದೆ. ಅಲ್ಲಿ ಸ್ಪರ್ಧೆಗೆ ಇಳಿಯುವುದು ಇಬ್ಬರ ತಂಡ, ಉಡುಪನ್ನು ಅವರೇ ತಯಾರಿಸಿರಬೇಕು. ದೆಹಲಿಯಲ್ಲಿ ಕಾಮಿಕ್ ಪ್ರಿಯರ ಸಮಾವೇಶವಾದ ಕಾಮಿಕ್ ಕಾನ್ ಶುರುವಾದದ್ದು 2011ರಲ್ಲಿ.

ನಿಯಮಗಳು ಅನುಭವದಿಂದ ಹುಟ್ಟಿದವು. 1972ರ ಲಾಸ್ ಏಂಜಲೀಸ್ ವಿಜ್ಞಾನ ಕಥಾ ಸಮ್ಮೇಳನದಲ್ಲಿ ಒಬ್ಬ ವೇಷಧಾರಿ ಮೈಗೆಲ್ಲ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ಬಂದ. ಅದು ಪಕ್ಕದವರ ಉಡುಪಿಗೂ ಕುರ್ಚಿಗಳಿಗೂ ಅಂಟಿ, ದೀಪದ ಬಿಸಿಗೆ ನಾರತೊಡಗಿತು. ಅಂದಿನಿಂದ ಅಲ್ಲಿನ ಸ್ಪರ್ಧೆಗಳಲ್ಲಿ ‘ಕಡಲೆಕಾಯಿ ಬೆಣ್ಣೆ ಬೇಡ’ ಎನ್ನುವುದೇ ಒಂದು ನಿಯಮವಾಗಿ ಉಳಿಯಿತು. ಅಮೆರಿಕದ ಇಂಥ ಸ್ಪರ್ಧೆಗಳಲ್ಲಿ ಹೊಸಬರು, ಪಳಗಿದವರು, ನುರಿತವರು ಎಂದು ಬೇರೆ ಬೇರೆ ವರ್ಗ ಉಂಟು. ಕೈಕೆಲಸವನ್ನು ರಂಗದ ಹಿಂದೆ, ಹೊಲಿಗೆ ಬಿಡಿಸಿ ನೋಡುವಷ್ಟು ಹತ್ತಿರದಿಂದ ಒಂದು ತಂಡ ಪರೀಕ್ಷಿಸುತ್ತದೆ. ರಂಗದ ಮೇಲಿನ ಪ್ರದರ್ಶನಕ್ಕೆ ಬೇರೆಯೇ ತೀರ್ಪುಗಾರರು. ಕ್ರಮ ಇಲ್ಲ ಎನ್ನುವ ಹಾಗಿಲ್ಲ. ನಮ್ಮದರಷ್ಟು ಹಳತಲ್ಲ, ಅಷ್ಟೇ.

ಇನ್ನು ನಕಲಿನ ಪ್ರಶ್ನೆ. ಜೀವ ಇರುವುದು ಇದರಲ್ಲಿ.

ಒಂದು ಕಾಮಿಕ್ ಪುಟವನ್ನು ಎದುರಿಗಿಟ್ಟು ನೋಡಿ. ಯೋಧನೊಬ್ಬ ನಿಂತಿದ್ದಾನೆ. ಭುಜಕವಚ, ಉದ್ದ ಮೇಲಂಗಿ, ಗಾಳಿಗೆ ಹಾರುವ ಹೆಗಲಶಾಲು. ಚಿತ್ರಕಾರ ಬಿಡಿಸಿದ್ದು ಎದುರಿನಿಂದ ಮಾತ್ರ. ಬೆನ್ನು ಹೇಗಿದೆ ಎಂದು ಚಿತ್ರ ಹೇಳುವುದಿಲ್ಲ. ಮೇಲಂಗಿಗೆ ಗುಂಡಿಯೂ ಇಲ್ಲ, ಜಿಪ್ಪೂ ಇಲ್ಲ, ಅವನು ಅದರೊಳಗೆ ಹೊಕ್ಕದ್ದು ಎಲ್ಲಿಂದ ಎಂದು ದೇವರೇ ಬಲ್ಲ. ಭುಜಕವಚ ಯಾವುದಕ್ಕೂ ಕಟ್ಟಿಲ್ಲ, ಸುಮ್ಮನೆ ಹೆಗಲ ಮೇಲೆ ತೇಲುತ್ತದೆ. ಒಂದು ಚೌಕದಲ್ಲಿ ಪಟ್ಟಿಯ ಬಕಲ್ ಎಡಕ್ಕೆ, ಮುಂದಿನ ಚೌಕದಲ್ಲಿ ಬಲಕ್ಕೆ. ಬಟ್ಟೆ ರೇಶ್ಮೆಯೋ ಉಣ್ಣೆಯೋ, ಕವಚ ಕಬ್ಬಿಣವೋ ಚರ್ಮವೋ ಅದೂ ಗೊತ್ತಿಲ್ಲ. ಕಾಗದಕ್ಕೆ ತೂಕ ಇಲ್ಲ, ಬೆವರಿಲ್ಲ, ಕೀಲಿಲ್ಲ. ಚಿತ್ರ ಬಾಯಿ ಮುಚ್ಚಿಕೊಂಡ ಅಷ್ಟೂ ಕಡೆ ಉಡುಪು ಕಟ್ಟುವವನು ತಾನೇ ಉತ್ತರ ಹೇಳಬೇಕು. ಕಾಸ್‌ಪ್ಲೇಯಲ್ಲಿ ಕಲೆ ಎನ್ನುವುದು ಇದ್ದರೆ ಆ ಉತ್ತರಗಳಲ್ಲಿಯೇ ಇದೆ. ಉಳಿದದ್ದು ಒಳ್ಳೆಯ ಕೈಕೆಲಸ.

ಹೆಗಲಶಾಲನ್ನೇ ತೆಗೆದುಕೊಳ್ಳಿ. ಬೀಳುವಾಗ ಸೊಗಸಾದ ನೆರಿಗೆ ಬರಬೇಕಾದರೆ ಅರ್ಧವೃತ್ತದಲ್ಲಿ ಕತ್ತರಿಸಬೇಕು. ಕೊರಳ ಭಾಗದ ತ್ರಿಜ್ಯ 15 ಸೆಂ.ಮೀ. ಇಟ್ಟರೆ ಕೊರಳ ಸುತ್ತಿಗೆ ಸುಮಾರು 47 ಸೆಂ.ಮೀ. ಸಿಗುತ್ತದೆ. ಶಾಲು 110 ಸೆಂ.ಮೀ. ಉದ್ದ ಬೇಕೆಂದರೆ ಒಟ್ಟು ತ್ರಿಜ್ಯ 125. ಅಂದರೆ 250 ಸೆಂ.ಮೀ. ಉದ್ದ, 125 ಸೆಂ.ಮೀ. ಪನ್ನದ (ಅಗಲದ) ಬಟ್ಟೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪನ್ನ 44 ಇಂಚು, ಎಂದರೆ ಸುಮಾರು 112 ಸೆಂ.ಮೀ. ಹದಿಮೂರು ಸೆಂ.ಮೀ. ಸಾಲದು! ಈಗ ಏನು ಮಾಡುವುದು? ಶಾಲನ್ನು ಗಿಡ್ಡ ಮಾಡಿದರೆ ಪಾತ್ರದ ಗತ್ತು ಹೋಯಿತು. ಬೆನ್ನ ನಡುವೆ ಜೋಡಿಸಿದರೆ ಫೋಟೋದಲ್ಲಿ ಆ ಗೆರೆಯೇ ಎದ್ದು ಕಾಣುತ್ತದೆ. ಅಂಚಿನಲ್ಲಿ ಜೋಡಿಸಿ, ಜೋಡಿನ ಮೇಲೆ ಅಗಲವಾದ ಪಟ್ಟಿ ಹೊಲಿದರೆ ಜೋಡೂ ಮುಚ್ಚಿತು, ಅಂಚಿಗೆ ತೂಕ ಬಂದು ಶಾಲು ಚೆಂದವಾಗಿ ಕೆಳಗೆ ಎಳೆಯಿತು. ಆ ಪಟ್ಟಿ ಮೂಲ ಚಿತ್ರದಲ್ಲಿ ಇಲ್ಲ. ಕಟ್ಟಿದವನು ಅದನ್ನು ಸೇರಿಸಿದ, ನೋಡುವವನಿಗೆ ಅದು ಮೊದಲೇ ಇದ್ದದ್ದೆಂದು ಕಂಡಿತು. ಪ್ಯಾಂಟು ಬಟ್ಟೆಯಲ್ಲಿ 58 ಇಂಚಿನ ಪನ್ನ ಸಿಗುತ್ತದೆ, ಜೋಡಿನ ಕಾಟ ತಪ್ಪುತ್ತದೆ, ಆದರೆ ಬಟ್ಟೆ ದಪ್ಪ, ಹಾರುವುದಿಲ್ಲ. ಸ್ಯಾಟಿನ್ ಹಾರುತ್ತದೆ, ಆದರೆ ಫ್ಲ್ಯಾಶ್ ಬಿದ್ದ ಕೂಡಲೇ ಅಗ್ಗದ ಹೊಳಪು ಕಾಣುತ್ತದೆ. ಕಪ್ಪು ವೆಲ್ವೆಟ್ ಬೆಳಕನ್ನೆಲ್ಲ ಕುಡಿದು ನೆರಿಗೆಯೇ ಕಾಣದ ಹಾಗೆ ಮಾಡುತ್ತದೆ. ಯಾವುದನ್ನು ಆರಿಸಿದ, ಯಾಕೆ ಆರಿಸಿದ ಎಂದು ಕೇಳಿ. ಉತ್ತರ ಸಿಕ್ಕರೆ ಎದುರಿಗಿರುವವನು ಬರೇ ನಕಲುಗಾರ ಅಲ್ಲ.

ಭುಜಕವಚದ ಕೆಲಸ ಇನ್ನೂ ಕುತೂಹಲದ್ದು. ಹೆಚ್ಚಿನವರು ಬಳಸುವುದು ಇವಿಎ ಫೋಮ್, ಚಪ್ಪಲಿಯ ಅಟ್ಟೆಗೆ ಹಾಕುವ ಜಾತಿಯದೇ ಸರಕು. ಕವಚಕ್ಕೆ 5 ಅಥವಾ 6 ಮಿ.ಮೀ., ಮೇಲಿನ ಅಲಂಕಾರಕ್ಕೆ 2 ಮಿ.ಮೀ. ಸಾಕು. ಯೋಗ ಮ್ಯಾಟ್ ಕತ್ತರಿಸಿದರೆ ಆಗದೇ ಎಂದು ಕೇಳುವವರು ಇದ್ದಾರೆ. ಆಗುವುದಿಲ್ಲ. ಹೆಚ್ಚಿನ ಯೋಗ ಮ್ಯಾಟು ಬೇರೆ ಜಾತಿಯ ರಬ್ಬರು ಇಲ್ಲವೆ ಪಿವಿಸಿ. ಬಿಸಿ ಕೊಟ್ಟರೆ ಆಕಾರ ಹಿಡಿಯದೆ ಸುರುಟಿ ಹೋಗುತ್ತದೆ.

ಮೊದಲು ಮೈಯ ಅಚ್ಚು ತೆಗೆಯಬೇಕು. ಹಳೆಯ ಬನಿಯನ್ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮನ್ನು ಎರಡು ಸುತ್ತು ಸುತ್ತಿ, ಅದರ ಮೇಲೆ ಮಾಸ್ಕಿಂಗ್ ಟೇಪ್ ಅಡ್ಡಕ್ಕೊಂದು, ಉದ್ದಕ್ಕೊಂದು ಪದರ. ಈಗ ಕೈ ಹೇಗಿರಬೇಕು? ಹೆಚ್ಚಿನ ಮಂದಿ ಕೈ ಇಳಿಬಿಟ್ಟು ನಿಲ್ಲುತ್ತಾರೆ, ಕೆಡುವುದು ಅಲ್ಲಿಯೇ. ಆ ಅಚ್ಚಿನಲ್ಲಿ ಮಾಡಿದ ಕವಚ ನಿಂತಾಗ ಲಾಯಕ್ಕು ಕೂರುತ್ತದೆ, ಕತ್ತಿ ಎತ್ತಿದ ಕೂಡಲೇ ಕೆನ್ನೆಗೆ ಬಂದು ಬಡಿಯುತ್ತದೆ. ತೋಳನ್ನು ಮೈಯಿಂದ ಸುಮಾರು 30 ಡಿಗ್ರಿ ಎತ್ತಿ ಅಚ್ಚು ತೆಗೆಯಬೇಕು. ಟೇಪಿನ ಮೇಲೆ ಮಾರ್ಕರಿನಿಂದ ಕತ್ತರಿಸುವ ಗೆರೆ ಎಳೆದು, ಆ ಗೆರೆಗೆ ಅಡ್ಡವಾಗಿ ಮೂರು ನಾಲ್ಕು ಸೆಂ.ಮೀ.ಗೊಂದು ಗುರುತು ಹಾಕಬೇಕು. ಆಮೇಲೆ ಎರಡು ತುಂಡು ಜೋಡಿಸುವಾಗ ಈ ಗುರುತುಗಳೇ ದಾರಿ ತೋರಿಸುವುದು. ಬಿಡಿಸಿದ ಅಚ್ಚು ಮೇಜಿನ ಮೇಲೆ ಚಪ್ಪಟೆ ಕೂರದಿದ್ದರೆ ಉಬ್ಬಿದ ಕಡೆ ಒಂದು ಸೀಳು ಕೊಡಿ. ಒಂದೇ ಭುಜದ ಅಚ್ಚು ಸಾಕು, ಮಗುಚಿ ಹಾಕಿದರೆ ಇನ್ನೊಂದು ಸಿಕ್ಕಿತು. ‘ಎಡ’, ‘ಬಲ’ ಎಂದು ಬರೆದಿಡಿ, ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಎರಡು ಎಡಭುಜ ಕೈಯಲ್ಲಿರುತ್ತದೆ.

ಫೋಮಿನ ದಪ್ಪಕ್ಕೆ ಲೆಕ್ಕ ಕೂಡಿಸಲು ಮರೆಯಬಾರದು. 6 ಮಿ.ಮೀ. ಫೋಮು ತೋಳಿನ ಸುತ್ತ ಒಂದು ಸುತ್ತು ಬಂದರೆ ಅಚ್ಚಿನ ಅಳತೆಗಿಂತ ಸುಮಾರು 19 ಮಿ.ಮೀ. ಹೆಚ್ಚಿಗೆ ಬೇಕು, ಒಳಗಿನ ಅಂಗಿಗೆ ಇನ್ನೂ ಎರಡು ಸೆಂ.ಮೀ. ಇದನ್ನು ಬಿಟ್ಟವರ ಕೈ ಅರ್ಧ ಗಂಟೆಯಲ್ಲಿ ಜೋಮು ಹಿಡಿಯುತ್ತದೆ.

ಕತ್ತರಿಸಲು ಹೊಸ ಬ್ಲೇಡು, ಅಲಗು ನೆಟ್ಟಗೆ. ಒಂದೇ ಸಲ ಒತ್ತಿ ಎಳೆಯುವ ಬದಲು ಎರಡು ಸಲ ಹಗುರವಾಗಿ ಎಳೆಯಿರಿ. ಮೊಂಡು ಬ್ಲೇಡು ಫೋಮನ್ನು ಹರಿಯುತ್ತದೆ. ಮೂಲೆ ಮಡಚಿ ಬರಬೇಕಾದ ಕಡೆ ಅಂಚನ್ನು 45 ಡಿಗ್ರಿ ಓರೆ ಮಾಡಿ. ಆಮೇಲೆ ಹೀಟ್ ಗನ್. ಹತ್ತು ಹದಿನೈದು ಸೆಂ.ಮೀ. ದೂರದಿಂದ, ನಿಲ್ಲಿಸದೆ ಆಡಿಸುತ್ತಿದ್ದರೆ ಮೇಲ್ಮೈಯ ಹೊಳಪು ಬದಲಾಗುವುದು ಕಾಣುತ್ತದೆ. ಆಗ ಮೊಣಕಾಲ ಮೇಲೋ ಚೆಂಡಿನ ಮೇಲೋ ಬಾಗಿಸಿ ತಣಿಯುವ ತನಕ ಹಿಡಿಯಬೇಕು. ಹೆಚ್ಚು ಬಿಸಿಯಾದರೆ ಬೊಬ್ಬೆ ಏಳುತ್ತದೆ, ಫೋಮು ಕುಗ್ಗುತ್ತದೆ. ಬಾಗಿಸುವ ಕೆಲಸ ಗಮ್ ಹಾಕುವ ಮೊದಲೇ ಆಗಲಿ, ಇಲ್ಲದಿದ್ದರೆ ಬಿಸಿಗೆ ಜೋಡು ಬಾಯಿ ಬಿಡುತ್ತದೆ.

ಗಮ್ಮಿನ ವಿಷಯದಲ್ಲಿ ನಮ್ಮ ಊರಿಗೆ ಬೇರೆಯೇ ಪಾಠ ಉಂಟು. ಚಪ್ಪಲಿ ರಿಪೇರಿಗೆ ಬಳಸುವ ಹಳದಿ ರಬ್ಬರ್ ಗಮ್ಮನ್ನೇ ಎರಡೂ ಅಂಚಿಗೆ ತೆಳುವಾಗಿ ಬಳಿದು, ಬೆರಳಿಗೆ ಎಳೆ ಬಾರದಷ್ಟು ಒಣಗಿದ ಮೇಲೆ ಒತ್ತಿ ಹಿಡಿಯಬೇಕು. ಒಮ್ಮೆ ತಾಗಿದರೆ ಬಿಡಿಸಿ ಕೂರಿಸಲು ಆಗುವುದಿಲ್ಲ. ಪುಸ್ತಕದ ಲೆಕ್ಕದಲ್ಲಿ ಹತ್ತು ನಿಮಿಷ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗಮ್ಮಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಮಂಜು ಹಿಡಿದ ಹಾಗೆ ಬೆಳ್ಳಗೆ ಮಸುಕಾಗುತ್ತದೆ. ಕೈಗೆ ಒಣಗಿದ ಹಾಗೆ ತೋರುತ್ತದೆ, ಜೋಡಿಸಿದರೆ ಮಾರನೇ ದಿನ ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಎರಡರಷ್ಟು ಹೊತ್ತು ಬಿಟ್ಟು, ದ್ರಾವಕ ಪೂರ್ತಿ ಹಾರಿದ ಮೇಲೆ, ಜೋಡಿಸುವ ಮುಂಚೆ ಕೂದಲು ಒಣಗಿಸುವ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಹಸಿ ಗಮ್ಮಿನ ಹತ್ತಿರ ಬಿಸಿ ತಂದರೆ ಹೊತ್ತಿಕೊಳ್ಳುತ್ತದೆ, ಆಟವಲ್ಲ. ಗಮ್ಮಿನ ಆವಿ ತಲೆಗೆ ಏರುವಂಥದು, ಕಿಟಕಿ ತೆರೆದು ಫ್ಯಾನನ್ನು ಹೊರಮುಖ ಮಾಡಿ ಇಡಬೇಕು.

ಥರ್ಮಕೋಲ್ ಮೇಲೆ ಇದೇ ಗಮ್ ಹಾಕಿದರೆ ಕಣ್ಣೆದುರೇ ಕರಗಿ ಹೊಂಡ ಬೀಳುತ್ತದೆ, ಸ್ಪ್ರೇ ಪೇಂಟಿಗೂ ಅದೇ ಗತಿ. ಶಾಲಾ ವಾರ್ಷಿಕೋತ್ಸವದ ಮುನ್ನಾದಿನ ಎಷ್ಟು ಕಿರೀಟಗಳು ಹೀಗೆ ಹೋಗಿಲ್ಲ! ಥರ್ಮಕೋಲಿಗೆ ಬಿಳಿ ಮರಗಮ್ಮು, ನೀರಿನ ಬಣ್ಣ ಮಾತ್ರ.

ಬಣ್ಣಕ್ಕೆ ಮೊದಲು ಫೋಮಿನ ರಂಧ್ರ ಮುಚ್ಚಬೇಕು. ನೀರು ಬೆರೆಸಿದ ಮರಗಮ್ಮನ್ನು ಮೂರು ನಾಲ್ಕು ಸಲ ಬಳಿಯುವುದು ಅಗ್ಗದ ದಾರಿ. ಆದರೆ ಸಾದಾ ಮರಗಮ್ಮು ಬೆವರಿಗೆ ಮತ್ತೆ ಮೆತ್ತಗಾಗಿ ಅಂಟುತ್ತದೆ. ನೀರು ತಾಳುವ ಜಾತಿಯದು ತನ್ನಿ. ಎನಾಮಲ್ ಬಳಿದರೆ ಹೊಳೆಯುತ್ತದೆ, ಕವಚ ಒಮ್ಮೆ ಬಾಗಿದರೆ ಹೆಂಚು ಒಡೆದ ಹಾಗೆ ಬಿರಿಯುತ್ತದೆ. ಆಕ್ರಿಲಿಕ್ ತೆಳು ಪದರಗಳೇ ಸರಿ. ಲೋಹದ ಭ್ರಮೆ ಬರಬೇಕಾದರೆ ತಳಕ್ಕೆ ಕಪ್ಪು, ಮೇಲೆ ಬೆಳ್ಳಿ, ಸಂದುಗಳಿಗೆ ನೀರಾದ ಕಂದು ಬಣ್ಣ ಹರಿಸಿ ಒರೆಸುವುದು, ಅಂಚುಗಳಿಗೆ ಒಣ ಬ್ರಷ್ಷಿನಿಂದ ಮತ್ತೆ ಬೆಳ್ಳಿ ತಾಗಿಸುವುದು. ಅಂಚು ಎಲ್ಲಿ ಸವೆದಿರಬೇಕು? ಕತ್ತಿ ಎಳೆಯುವ ಕೈ ಉಜ್ಜುವ ಕಡೆ, ಪಟ್ಟಿ ತಾಗುವ ಕಡೆ. ಎಲ್ಲ ಅಂಚಿಗೂ ಸಮನಾಗಿ ಬೆಳ್ಳಿ ಬಳಿದವನು ಬಣ್ಣ ಬಳಿದ, ಅಷ್ಟೇ. ಈ ಯೋಧ ಎಡಗೈಯವನು ಎಂದು ತೀರ್ಮಾನಿಸಿ ಎಡಭುಜವನ್ನು ಹೆಚ್ಚು ಸವೆಸಿದವನು ಪಾತ್ರಕ್ಕೆ ಒಂದು ಬದುಕು ಕೊಟ್ಟ.

ಕಟ್ಟುವುದರಲ್ಲಿ ಮಾತ್ರ ಕಾಸ್‌ಪ್ಲೇ ಮಾಡುವವರು ನಮ್ಮ ಚೌಕಿಗೆ ಬಂದು ಕಲಿಯಬೇಕು. ಅವರು ವೆಲ್ಕ್ರೋ ನಂಬುತ್ತಾರೆ. ಅದಕ್ಕೆ ನೂಲು, ದೂಳು ಕಚ್ಚಿಕೊಂಡರೆ ಹಿಡಿತ ಹೋಯಿತು. ಹಿಂದಿನ ಅಂಟು ಬೆವರಿಗೆ ಬಿಡುತ್ತದೆ. ಯಕ್ಷಗಾನದ ವೇಷದಲ್ಲಿ ಎದೆಪದಕ, ಭುಜಕೀರ್ತಿ, ಕೈಕಟ್ಟು ಎಲ್ಲ ನಿಲ್ಲುವುದು ಕಟ್ಟಿನ ಮೇಲೆ. ಇನ್ನೊಬ್ಬರು ನಿಂತು ಬಿಗಿಯುತ್ತಾರೆ, ಕಟ್ಟನ್ನು ಆ ದಿನದ ಮೈಗೆ ಸರಿಯಾಗಿ ಹೆಚ್ಚು ಕಮ್ಮಿ ಮಾಡಬಹುದು. ಉಸಿರು ತುಂಬಿ ನಿಂತಾಗ ಬಿಗಿಯಬೇಕು, ಇಲ್ಲದಿದ್ದರೆ ಕುಣಿಯುವಾಗ ಏದುಸಿರು. ಭುಜಕವಚವನ್ನು ತೋಳಿಗೆ ಮಾತ್ರ ಕಟ್ಟಿದರೆ ಜಾರುತ್ತದೆ. ಅಂಗಿಯ ಒಳಗೆ ಎದೆ ಬೆನ್ನು ಬಳಸಿ ಬರುವ ಪಟ್ಟಿಗೆ ಅದನ್ನು ತೂಗಬೇಕು.

ಹಾಗಾದರೆ ಎರಡೂ ಒಂದೇ ಎನ್ನಬಹುದೇ? ಇಲ್ಲ. ಕಾಸ್‌ಪ್ಲೇಗೆ ಮರ್ಯಾದೆ ಕೊಡಿಸಲು ‘ಯಕ್ಷಗಾನವೇ ನಮ್ಮ ಕಾಸ್‌ಪ್ಲೇ’ ಎನ್ನುವವರಿದ್ದಾರೆ. ಎರಡಕ್ಕೂ ಅನ್ಯಾಯ ಅದು. ನಮ್ಮ ಕಡೆಯ ಯಕ್ಷಗಾನವಾದ ತೆಂಕುತಿಟ್ಟಿನ ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಎಂದರೆ ಪಾತ್ರದ ಸ್ವಭಾವದ ವರ್ಗ. ಇಂದು ಒಂದು ಪಾತ್ರ, ನಾಳೆ ಇನ್ನೊಂದು ಪಾತ್ರ ಅದೇ ಚೌಕಟ್ಟಿನಲ್ಲಿ ಬರುತ್ತದೆ. ಪ್ರೇಕ್ಷಕ ಮೊದಲು ವರ್ಗವನ್ನು ಗುರುತಿಸುತ್ತಾನೆ, ಆಮೇಲೆ ಮಾತಿನಿಂದ ಪಾತ್ರವನ್ನು. ಕಾಸ್‌ಪ್ಲೇಯಲ್ಲಿ ಅಂಥ ವರ್ಗ ಇಲ್ಲ. ಇಂಥ ಕಥೆಯ, ಇಂಥ ಅಧ್ಯಾಯದ, ಕೆನ್ನೆಯ ಮೇಲೆ ಗಾಯ ಆದ ಮೇಲಿನ ಆ ಒಬ್ಬನೇ. ಒಂದು ಗುಂಡಿ ತಪ್ಪಿದರೆ ಬಲ್ಲವರು ಹಿಡಿಯುತ್ತಾರೆ.

ನೋಡುವ ದೂರವೂ ಬೇರೆ. ಕಟ್ಟುಬೇಗಡೆಯ ಮಿಂಚು, ಕನ್ನಡಿ ಚೂರು, ದಪ್ಪ ಚಿಟ್ಟಿ ಇವೆಲ್ಲ ದೀವಟಿಗೆಯ ಅಲುಗಾಡುವ ಬೆಳಕಿಗೆ, ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೆ ಲೆಕ್ಕ ಹಾಕಿದ್ದು. ಕಾಸ್‌ಪ್ಲೇಯ ಪ್ರೇಕ್ಷಕ ಎರಡು ಮೀಟರ್ ದೂರದ ಕ್ಯಾಮೆರಾ. ಅದಕ್ಕೆ ಹೊಲಿಗೆಯ ನೂಲು ಕಾಣುತ್ತದೆ. ಹತ್ತಿರದಿಂದ ನೋಡಿ ಬಣ್ಣದ ವೇಷವನ್ನು ಒರಟು ಎನ್ನುವುದೂ, ದೂರದಿಂದ ನೋಡಿ ಕಾಸ್‌ಪ್ಲೇಯನ್ನು ಪೇಲವ ಎನ್ನುವುದೂ ಒಂದೇ ತಪ್ಪು.

ದೈವಾರಾಧನೆಯ ತೆಯ್ಯವನ್ನು ಈ ಚರ್ಚೆಗೆ ಎಳೆಯಲೇಬಾರದು. ಅಲ್ಲಿ ಮುಖಕ್ಕೆ ಬಣ್ಣ ಬರೆಯುವುದರಿಂದ ಮುಡಿ ಏರಿಸುವ ತನಕ ಎಲ್ಲವೂ ಆರಾಧನೆಯ ಭಾಗ, ಕಟ್ಟುವ ಹಕ್ಕು ನಿರ್ದಿಷ್ಟ ಸಮುದಾಯಗಳದು. ನೋಡಲು ಅದ್ಭುತ ಎಂಬ ಕಾರಣಕ್ಕೆ ಫೋಮಿನಲ್ಲಿ ತೆಯ್ಯ ಮಾಡಿ ಫೋಟೋಗೆ ನಿಲ್ಲುವುದು ಕಲೆಯೂ ಅಲ್ಲ, ಗೌರವವೂ ಅಲ್ಲ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಕಾನೂನು ಏನು ಹೇಳುತ್ತದೆ ಎಂದು ನೋಡುವುದು ಮೋಜಿನ ವಿಷಯ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಚಿತ್ರ, ಶಿಲ್ಪ, ಫೋಟೋಗಳನ್ನು ಕಲಾಕೃತಿ ಎನ್ನುವಾಗ ಅವುಗಳಲ್ಲಿ ಕಲಾಗುಣ ಇರಲಿ ಇಲ್ಲದಿರಲಿ ಎಂದೇ ಸೇರಿಸಿದೆ. ಅದೇ ಪಟ್ಟಿಯಲ್ಲಿ ಕಲಾತ್ಮಕ ಕುಶಲಕೆಲಸಕ್ಕೂ ಜಾಗ ಉಂಟು. ಪ್ರದರ್ಶಕರ ಪಟ್ಟಿಯಲ್ಲಿ ನಟ, ಗಾಯಕರ ಜೊತೆಗೆ ಹಾವಾಡಿಗನೂ, ಉಪನ್ಯಾಸ ಕೊಡುವವನೂ ಇದ್ದಾನೆ, ಹಾಗಾಗಿ ಈ ಹೊತ್ತು ನಿಮ್ಮೆದುರು ನಿಂತಿರುವುದೂ ಒಬ್ಬ ಪ್ರದರ್ಶಕನೇ. ಆದರೆ ಅದೇ ಕಾಯ್ದೆ ಇನ್ನೊಂದು ಕಡೆ, ಕಾಗದದ ಮೇಲಿನ ಚಿತ್ರವನ್ನು ಮೂರು ಆಯಾಮಕ್ಕೆ ತರುವುದನ್ನೂ ಮರುಸೃಷ್ಟಿಯ ಹಕ್ಕಿನೊಳಗೆ ಸೇರಿಸಿ, ಆ ಹಕ್ಕನ್ನು ಮೂಲ ಕೃತಿಯ ಒಡೆಯನಿಗೆ ಕೊಟ್ಟಿದೆ. ನಕಲು ಎನ್ನುವವರಿಗೆ ಇದು ಬಲವಾದ ಸಾಕ್ಷಿ. ಕಾನೂನಿನ ಚಿಂತೆ ಒಡೆತನದ್ದು, ಕೆಲಸದ ಗುಣದ್ದಲ್ಲ. ತಾನೇ ತೊಟ್ಟು ಮೆರೆಯುವುದು ಒಂದು, ಅದೇ ಕವಚವನ್ನು ನೂರು ಮಾಡಿ ಮಾರುವುದು ಇನ್ನೊಂದು. ಎರಡನೆಯದಕ್ಕೆ ಇಳಿಯುವ ಮೊದಲು ಅನುಮತಿ ಬೇಕು.

ಕೊಂಡು ತಂದ ಉಡುಪಿನ ಕಥೆ ಏನು? ಪೆಟ್ಟಿಗೆ ಬಿಚ್ಚಿ ತೊಟ್ಟು ಸೆಲ್ಫಿ ತೆಗೆದರೆ ಅದು ಸಂತೋಷ, ತಪ್ಪೇನಿಲ್ಲ, ಅದಕ್ಕೆ ಕಲೆಯ ಹೆಸರು ಬೇಕಾಗಿಯೂ ಇಲ್ಲ. ಆದರೆ ಅದನ್ನೇ ತೊಟ್ಟು ರಂಗದ ಮೇಲೆ ಎರಡು ನಿಮಿಷ ಆ ಪಾತ್ರವಾಗಿ ನಡೆದರೆ, ಕತ್ತಿನ ತಿರುವು, ಹೆಜ್ಜೆಯ ತೂಕ ಪಾತ್ರದ್ದೇ ಆದರೆ, ಅದು ಅಭಿನಯ. ಚೌಕಿಯಲ್ಲಿ ವೇಷ ಮೇಳದ್ದು, ಕುಣಿತ ಕಲಾವಿದನದು. ಅಲ್ಲಿ ಯಾರೂ ‘ಕಿರೀಟ ನೀನೇ ಮಾಡಿದ್ದೋ’ ಎಂದು ಕೇಳುವುದಿಲ್ಲವಲ್ಲ. ಕಟ್ಟುವ ಕಲೆ, ಆಡುವ ಕಲೆ ಎರಡನ್ನೂ ಒಂದೇ ಅಂಕದಲ್ಲಿ ಹಾಕಬಾರದು. ನಮ್ಮ ಶಾಲೆಗಳ ಛದ್ಮವೇಷ ಸ್ಪರ್ಧೆಯಲ್ಲಿ ಆಗುತ್ತಿರುವುದು ಅದೇ: ಬಾಡಿಗೆಗೆ ತಂದ ಹೊಳೆಯುವ ಉಡುಪಿಗೆ ಬಹುಮಾನ, ಅಡಿಕೆ ಹಾಳೆಯಲ್ಲಿ ತಾನೇ ಕವಚ ಮಾಡಿಕೊಂಡು ಬಂದ ಮಗುವಿಗೆ ಸಮಾಧಾನಕರ. ಕೈಕೆಲಸಕ್ಕೆ ಬೇರೆ ತೀರ್ಪು ಇಡಿ. ಮಗುವಿನ ಹತ್ತಿರ ಹೋಗಿ, ಇದನ್ನು ಹೇಗೆ ನಿಲ್ಲಿಸಿದೆ, ಈ ಜೋಡು ಇಲ್ಲಿ ಯಾಕೆ, ಕೈ ಎತ್ತಿ ತೋರಿಸು ನೋಡುವ ಎಂದು ಕೇಳಿ. ಐದು ನಿಮಿಷದಲ್ಲಿ ಯಾರು ಮಾಡಿದ್ದೆಂದು ಗೊತ್ತಾಗುತ್ತದೆ. ಅಪ್ಪ ಅಮ್ಮ ರಾತ್ರಿ ಕೂತು ಮಾಡಿದ್ದೂ ಗೊತ್ತಾಗುತ್ತದೆ.

ಸಭೆಯಲ್ಲಿ ಬಂದ ಒಂದು ಪ್ರಶ್ನೆ: ಉದ್ದದ ಕತ್ತಿಯನ್ನು ಇಲ್ಲಿಂದ ರೈಲಿನಲ್ಲಿ ಒಯ್ಯುವುದು ಹೇಗೆ, ಅಷ್ಟುದ್ದ ಬೇಕೇ ಎಂದು. ಉದ್ದವನ್ನು ಚಿತ್ರದ ಅಳತೆಯಿಂದ ಲೆಕ್ಕ ಹಾಕಬೇಕು. ಚಿತ್ರದಲ್ಲಿ ಪಾತ್ರ 24 ಸೆಂ.ಮೀ., ತೊಡುವವರು 165 ಸೆಂ.ಮೀ. ಇದ್ದರೆ 6.875ರಿಂದ ಗುಣಿಸಿ, ಚಿತ್ರದ 20 ಸೆಂ.ಮೀ. ಕತ್ತಿ 137 ಸೆಂ.ಮೀ. ಚಿಲ್ಲರೆ ಆಯಿತು. ಒಳಗೆ ಅರ್ಧ ಇಂಚಿನ ಪಿವಿಸಿ ಪೈಪು ಹಾಕಿ, ಪೈಪನ್ನು ಎರಡು ತುಂಡು ಮಾಡಿ, ಜೋಡಿಸಲು ಕಪ್ಲಿಂಗ್ ಇಡಿ. ಕಪ್ಲಿಂಗಿನ ಒಂದು ಬದಿಗೆ ಮಾತ್ರ ಪೈಪ್ ಗಮ್. ಇನ್ನೊಂದು ಬದಿಗೆ ಅಡ್ಡ ತೂತು ಕೊರೆದು ಸ್ಕ್ರೂ. ಜೋಡು ಬರುವ ಜಾಗವನ್ನು ಹಿಡಿಯ ಮೇಲಿನ ಅಡ್ಡಪಟ್ಟಿಯ ಒಳಗೆ ಇಟ್ಟರೆ ಹೊರಗೆ ಕಾಣುವುದಿಲ್ಲ. ತುದಿಯನ್ನು ಬರೇ ಫೋಮಿನಲ್ಲಿಯೇ ಬಿಡಿ, ಪೈಪು ತುದಿಗಿಂತ ಒಂದು ಗೇಣು ಮೊದಲೇ ನಿಲ್ಲಲಿ. ಜನಜಂಗುಳಿಯಲ್ಲಿ ಇನ್ನೊಬ್ಬರ ಕಣ್ಣಿಗೆ ತಾಗಬಾರದು. ಒಂದು ಸಣ್ಣ ಡಬ್ಬಿಯಲ್ಲಿ ಗಮ್, ಸೂಜಿ ದಾರ, ಸ್ಕ್ರೂ ಡ್ರೈವರ್, ಎರಡು ಮೊಳ ಕಟ್ಟುವ ಬಟ್ಟೆಪಟ್ಟಿ ಇಟ್ಟುಕೊಂಡು ಹೊರಡಿ.